ಮೊಳಕಾಲ್ಮೂರು ಸೀರೆಯ ವಿಮಾನಯಾನ

...ಅಥವಾ ವಿಮಾನದ ಬಾಲ ನೀಲಿಯಾಗಿತ್ತೋ ಏನೋ. ನನಗೆ ಹಳದಿ ಅಂತ ನೆನಪು. ಹೆಂಡತಿ ಗಿರಿಜ ಕೆಂಪು ಎನ್ನುತ್ತಾಳೆ. ಆದರೆ ಆ ದಿನದ್ದೆಲ್ಲ ಅವಳಿಗೆ ಕೆಂಪಾಗಿಯೇ ಕಾಣುತ್ತದೆ, ಅದಕ್ಕೆ ಕಾರಣವೂ ಇದೆ. ವರ್ಷದ ಬಗ್ಗೆಯೂ ನಮ್ಮಲ್ಲಿ ಒಮ್ಮತವಿಲ್ಲ. ಎರಡು ಸಾವಿರದ ಐದಿರಬೇಕು, ಇಲ್ಲವೇ ಅದರ ಮರುವರ್ಷ. ಚಳ್ಳಕೆರೆ ಬಿಡುವಾಗ ನನ್ನ ಹತ್ತಿರ ಒಂದು ಸೀರೆ ಇತ್ತು ಎಂಬುದನ್ನಷ್ಟೇ ಇಬ್ಬರೂ ಒಪ್ಪುತ್ತೇವೆ.

ಸಾಮಾನ್ಯ ಸೀರೆಯಲ್ಲ ಅದು. ನನ್ನ ಅಕ್ಕ ಶಾಂತಕ್ಕನ ಮಗಳು ಸುಮಳ ಮದುವೆಯ ಸೀರೆ. ನಮ್ಮ ಮನೆತನದಲ್ಲಿ ಮುಹೂರ್ತದ ಸೀರೆಯನ್ನು ಸೋದರಮಾವನೇ ತರಬೇಕು. ಪಾರ್ಸಲ್ ಮಾಡುವಂತಿಲ್ಲ, ಬೇರೆಯವರ ಕೈಲಿ ಕಳಿಸುವಂತಿಲ್ಲ. ತಾನೇ ತಂದು, ತಟ್ಟೆಯಲ್ಲಿಟ್ಟು, ಬೀಗರ ಎದುರು ಕೊಡಬೇಕು. ಅದನ್ನು ಉಟ್ಟ ಮೇಲೆಯೇ ಹುಡುಗಿ ಮಂಟಪಕ್ಕೆ ಬರುವುದು. ಅಕ್ಕನಿಗೆ ನಾನೊಬ್ಬನೇ ತಮ್ಮ. ಹೀಗಾಗಿ ಈ ಹುದ್ದೆಗೆ ಬೇರೆ ಅಭ್ಯರ್ಥಿಗಳಿರಲಿಲ್ಲ!

ಸೀರೆ ನೇಯ್ದವನು ಮೊಳಕಾಲ್ಮೂರಿನ ಅಂಜನಪ್ಪ. ಹಸಿರು ಒಡಲು, ಅಗಲವಾದ ಕೆಂಪಂಚು, ಸೆರಗಿನ ತುಂಬ ನವಿಲು. ತರಲು ಹೋದಾಗ ಅವನು ಅದನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟ.

"ಪದೇ ಪದೇ ಬಿಚ್ಚಬ್ಯಾಡ್ರಿ ಸ್ವಾಮಿ, ಮಡಿಕೆ ಕೆಡ್ತೈತೆ. ಎಂಗೆ ಹೋಗ್ತೀರಿ ಪುಣೆಗೆ?"

"ವಿಮಾನದಾಗೆ" ಎಂದೆ.

ಒಳಗಿನಿಂದ ಅವನ ಹೆಂಡತಿ ತೆಲುಗಿನಲ್ಲಿ, "ಅಯ್ಯೋ ದೇವುಡಾ, ಜಾಗ್ರತ್ತ!" ಎಂದಳು. ಆಶೀರ್ವಾದ ಎಂದುಕೊಂಡು ಬಂದೆ.

ವಿಮಾನ ಯಾಕೆ ಎಂಬುದನ್ನು ವಿವರಿಸಬೇಕು. ಗಂಡಿನ ಕಡೆಯವರು ಪುಣೆಯಲ್ಲಿ ನೆಲೆಸಿದ ವ್ಯಾಪಾರಸ್ಥರು, ಮದುವೆಯೂ ಅಲ್ಲೇ. ಚಳ್ಳಕೆರೆಯಿಂದ ಪುಣೆ ಉತ್ತರಕ್ಕಿದೆ. ವಿಮಾನ ಹತ್ತಬೇಕಾದರೆ ಮೊದಲು ದಕ್ಷಿಣಕ್ಕೆ, ಬೆಂಗಳೂರಿಗೆ ಹೋಗಬೇಕು. ಅಂದರೆ ಪುಣೆಯಿಂದ ಸಾಕಷ್ಟು ದೂರ ಹೋಗಿ, ಅಲ್ಲಿಂದ ಪುಣೆಗೆ ಹೊರಡುವುದು. ನನ್ನ ಬಾಮೈದ ಬಸಣ್ಣ ಇದನ್ನು ಮೊದಲೇ ಕಂಡುಹಿಡಿದ.

"ಭಾವ, ನಾವೆಲ್ಲ ಟೆಂಪೋ ಮಾಡ್ಕೊಂಡು ಹೊಂಟೀವಿ. ನೀವೂ ಬರ್ರಿ. ಮೂಗು ಹಿಡ್ಯಾಕೆ ತಲೆ ಸುತ್ತಾ ಕೈ ಯಾಕೆ ತರ್ತೀರಿ?"

"ಲೇ ಬಸಣ್ಣ, ನೀವು ದಾರ್‍ಯಾಗೆ ಚಾ ಕುಡೀತಿರ್ತೀರಿ, ನಾನು ಅಲ್ಲಿ ಸ್ನಾನ ಮುಗ್ಸಿ ಕುಂತಿರ್ತೀನಿ."

ಹೀಗೆ ನಾನು ಹೇಳಿದೆನೋ, ಆಮೇಲೆ ಬಸಣ್ಣನೇ ಸೇರಿಸಿದನೋ, ಈಗ ಖಚಿತವಿಲ್ಲ. ಊರೆಲ್ಲ ನನ್ನ ಹೆಸರಿನಲ್ಲೇ ಹೇಳುತ್ತಿದೆ.

ನನ್ನ ಆತ್ಮವಿಶ್ವಾಸಕ್ಕೆ ಶಾಸ್ತ್ರೀಯ ಆಧಾರವಿತ್ತು. ನನ್ನದು ಶೇಂಗಾ ಎಣ್ಣೆಯ ಅಂಗಡಿ. ಒಂದು ಕಾಲಕ್ಕೆ ದೇಶದೊಳಗೆ ವಿಮಾನ ಹಾರಿಸುವ ಹಕ್ಕು ಸರ್ಕಾರದ ಕಂಪನಿಗೆ ಮಾತ್ರ ಇತ್ತು. ಆಮೇಲೆ ಸರ್ಕಾರ ಆಕಾಶದ ಬೀಗ ತೆಗೆಯಿತು, ಖಾಸಗಿಯವರು ನುಗ್ಗಿದರು, ಅವರ ಹಿಂದೆ ಅಗ್ಗದವರು ನುಗ್ಗಿದರು. ಪೈಪೋಟಿಯಲ್ಲಿ ದರ ಇಳಿಯಿತು. ನಮ್ಮ ಬೀದಿಗೆ ಎರಡು ಹೊಸ ಎಣ್ಣೆ ಮಿಲ್ಲು ಬಂದಾಗಲೂ ಹೀಗೇ ಆಗಿತ್ತು. ಎಣ್ಣೆ ಅಗ್ಗವಾಯಿತು. ನಾನೂ ಇಳಿಸಿದೆ. ಇಳಿಸಿ, ಡಬ್ಬಕ್ಕೆ ಬೇರೆ ದುಡ್ಡು ಅಂತ ಬೋರ್ಡು ಹಾಕಿದೆ. ಅಲ್ಲಿಯವರೆಗೆ ಡಬ್ಬ ಎಣ್ಣೆಯ ಜೊತೆ ಬರುತ್ತಿತ್ತು.

ಇಷ್ಟು ಗೊತ್ತಿದ್ದವನಿಗೆ, ವಿಮಾನಕ್ಕೂ ಒಂದು ಡಬ್ಬ ಇರುತ್ತದೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಬೆಂಗಳೂರಿನ ನಿಲ್ದಾಣ ತಲುಪಿದ್ದು ಮದುವೆಯ ಹಿಂದಿನ ದಿನ ಬೆಳಗ್ಗೆ. ಕೌಂಟರಿನ ಹುಡುಗಿ ನಮ್ಮ ಸೂಟ್‌ಕೇಸನ್ನು ತೂಕಕ್ಕೆ ಹಾಕಿಸಿದಳು. ಅದರಲ್ಲಿ ಬೀಗರಿಗೆಂದು ಗಿರಿಜ ಮಾಡಿದ ಕರ್ಜಿಕಾಯಿ, ಶೇಂಗಾ ಚಟ್ನಿಪುಡಿ, ನಮ್ಮ ಬಟ್ಟೆಬರೆ, ಸೀರೆಯ ಡಬ್ಬಿ ಇದ್ದವು. ಜೊತೆಗೆ ನನ್ನ ಅಂಗಡಿಯ ಎಣ್ಣೆ ಡಬ್ಬ. ಅದನ್ನು ಇಟ್ಟವನು ನಾನೇ. ಪುಣೆಯವರಿಗೂ ಚಳ್ಳಕೆರೆ ಎಣ್ಣೆಯ ರುಚಿ ಗೊತ್ತಾಗಲಿ ಅಂತ.

"ಸರ್, ತೂಕ ಜಾಸ್ತಿ ಇದೆ. ಎಕ್ಸ್‌ಟ್ರಾ ಕೆಜಿಗೆಲ್ಲ ಚಾರ್ಜ್ ಆಗುತ್ತೆ."

"ಏನಮ್ಮಾ, ಟಿಕೆಟ್ಟು ಅಷ್ಟು ಅಗ್ಗ ಐತೆ, ಲಗೇಜಿಗೆ ಇಷ್ಟಾ?"

"ಟಿಕೆಟ್ ಅಗ್ಗ ಇರೋದೇ ಅದಕ್ಕೆ ಸರ್."

ಈ ವಾಕ್ಯವನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತು. ಕೇಳಿದ್ದಲ್ಲ, ಹೇಳಿದ್ದು! ಪ್ರತಿದಿನ, ಗಲ್ಲಾದ ಹಿಂದೆ ಕೂತು.

ಎಣ್ಣೆಯಂತೂ ವಿಮಾನ ಹತ್ತುವಂತೆಯೇ ಇಲ್ಲ ಎಂದರು. ಹೊರಗೆ ಹೋಗಿ ಒಬ್ಬ ಆಟೋದವನಿಗೆ ಕೊಟ್ಟೆ. ಅವನು ನಂಬದೆ, "ಡಬ್ಬ ಸಮೇತನಾ ಸಾರ್?" ಎಂದು ಕೇಳಿದ. ನನ್ನ ಬೋರ್ಡಿನ ನಿಯಮ ಮುರಿದದ್ದು ಅದೇ ಮೊದಲು.

ಇನ್ನೂ ತೂಕ ಇಳಿಯಬೇಕಿತ್ತು. ಮೈಮೇಲಿನ ಬಟ್ಟೆಯನ್ನು ಯಾರೂ ತೂಗುವುದಿಲ್ಲ ಎಂಬುದನ್ನು ನಾನು ಗಮನಿಸಿದೆ. ಅಂಗಿಯ ಮೇಲೆ ಮದುವೆಯ ಅಂಗಿ, ಅದರ ಮೇಲೆ ಕೋಟು, ಅದರ ಮೇಲೆ ಶಾಲು ಹೊದ್ದುಕೊಂಡೆ. ಗಿರಿಜಳಿಗೂ ಸಲಹೆ ಕೊಟ್ಟೆ.

"ನಿನ್ನ ಮದುವೆ ಸೀರೆ ತಂದಿದೀಯಲ್ಲ, ಅದನ್ನ ಈ ಸೀರೆ ಮೇಲೇ ಉಟ್ಕಂಡುಬಿಡು."

"ಸೀರೆ ಮ್ಯಾಲೆ ಸೀರೆನಾ? ಈ ಸೆಕಿಯಾಗೆ? ನನ್ನೇನು ಗೊಂಬೆ ಅನ್ಕಂಡೀರೇನ್ರಿ?"

ಆದರೂ ಉಟ್ಟು ಬಂದಳು. ಅದೂ ಮೊಳಕಾಲ್ಮೂರಿನದೇ, ನಮ್ಮ ಮದುವೆಯಲ್ಲಿ ಅವಳ ತವರಿನವರು ಕೊಟ್ಟದ್ದು. ನಡೆಯುವಾಗ ತೇರಿನ ಹಾಗೆ ಕಂಡಳು. ಹಾಗೆಂದು ನಾನು ಹೇಳಬಾರದಿತ್ತು.

ಸೂಟ್‌ಕೇಸಿನಲ್ಲಿ ಅದುಮಿಟ್ಟದ್ದಕ್ಕೆ ಸುಮಳ ಸೀರೆಯ ಡಬ್ಬಿ ಮೂಲೆ ಒಡೆದಿತ್ತು. "ಅದು ಕೈಯಾಗೇ ಇರ್ಲಿ ರೀ" ಎಂದಳು ಗಿರಿಜ. ಕೌಂಟರಿನ ಪಕ್ಕದಲ್ಲೇ ಒಬ್ಬ ಅಂಗಡಿಯವನು ಕೆಂಪು ಚೀಲ ಮಾರುತ್ತಿದ್ದ. ತೂಕದಲ್ಲಿ ಸಿಕ್ಕಿಬಿದ್ದವರೆಲ್ಲ ನೇರವಾಗಿ ಅವನ ಬಳಿಗೇ ಹೋಗುತ್ತಿದ್ದರು. ಸರ್ಕಾರ ಆಕಾಶ ತೆರೆದದ್ದರಿಂದ ನಿಜವಾದ ಲಾಭ ಪಡೆದ ಒಬ್ಬನೇ ಮನುಷ್ಯನನ್ನು ನಾನು ಅಲ್ಲಿ ಕಂಡೆ. ಸೀರೆಗೆ ಪೇಪರು ಸುತ್ತಿ, ಕೆಂಪು ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡೆ. ಸುತ್ತ ನೋಡಿದೆ. ಅರ್ಧ ಜನರ ಹೆಗಲಿನಲ್ಲಿ ಅದೇ ಕೆಂಪು ಚೀಲ. ಒಂದೇ ಮದುವೆಗೆ ಹೊರಟ ದಿಬ್ಬಣದ ಹಾಗೆ ಕಾಣುತ್ತಿದ್ದೆವು. ಅದರಿಂದ ನನಗೆ ಖುಷಿಯೇ ಆಯಿತು.

ತಪಾಸಣೆಯ ಪೊಲೀಸಿನವನು ಶಾಲು ತೆಗೆಸಿದ, ಕೋಟು ಬಿಚ್ಚಿಸಿದ, ಅಂಗಿಯ ಕೆಳಗೆ ಇನ್ನೊಂದು ಅಂಗಿ ಕಂಡು ನನ್ನ ಮುಖ ನೋಡಿದ. "ಇನ್ನೂ ಎಷ್ಟಿವೆ?" ಎಂದ. "ಇದೇ ಕೊನೇದು ಸ್ವಾಮಿ" ಎಂದೆ.

ಬೆಳಗಿನ ವಿಮಾನ ಹೊರಡಲಿಲ್ಲ. ಜನ ಕಡಿಮೆ ಅಂತ ಅದನ್ನು ರದ್ದು ಮಾಡಿ, ನಮ್ಮನ್ನೆಲ್ಲ ಸಂಜೆಯದಕ್ಕೆ ಸೇರಿಸಿದರು. ನಮ್ಮ ಖಾಸಗಿ ಬಸ್ಸಿನವರೂ ಎರಡು ಟ್ರಿಪ್ಪು ಒಂದು ಮಾಡುತ್ತಾರೆ. ಆದರೆ ಅವರನ್ನು ಬೈಯಬಹುದು, ಭಾಷೆ ಒಂದೇ. ಇಲ್ಲಿ ಬೈಗುಳವನ್ನು ಇಂಗ್ಲಿಷಿನಲ್ಲಿ ಯೋಚಿಸುವಷ್ಟರಲ್ಲಿ ಸಿಟ್ಟು ಇಳಿದುಹೋಗುತ್ತಿತ್ತು. ಊಟ ಇಲ್ಲ. ಕರ್ಜಿಕಾಯಿ ಸೂಟ್‌ಕೇಸಿನೊಳಗೆ ಹೋಗಿಬಿಟ್ಟಿತ್ತು. ಮಧ್ಯಾಹ್ನ ಬಸಣ್ಣ ಫೋನ್ ಮಾಡಿದ.

"ಭಾವ, ನಾವು ಬಂದು ಮುಟ್ಟಿದ್ವಿ. ಸ್ನಾನ ಆತು. ನಿಮ್ದು?"

ಸಿಗ್ನಲ್ ಇಲ್ಲ ಎಂದು ಫೋನಿಟ್ಟೆ.

ಈಗ ಮುಖ್ಯ ಘಟ್ಟ. ಆ ವಿಮಾನದಲ್ಲಿ ಸೀಟಿಗೆ ನಂಬರಿರಲಿಲ್ಲ. ಮೊದಲು ಹೋದವನಿಗೆ ಮೊದಲ ಸೀಟು. ಇದು ಗೊತ್ತಾದದ್ದೇ ತಡ, ಇಡೀ ದಿನದಲ್ಲಿ ಮೊದಲ ಬಾರಿಗೆ ನಾನು ನನ್ನ ಕ್ಷೇತ್ರದಲ್ಲಿದ್ದೆ! ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಬೆಳೆದವನಿಗೆ ಸೀಟು ಹಿಡಿಯುವುದನ್ನು ಯಾರೂ ಕಲಿಸಬೇಕಿಲ್ಲ. ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ನಮ್ಮದು. ಊರಿಗೆ ದೊಡ್ಡ ಮನುಷ್ಯನೇ ಬಂದರೂ ಟವೆಲ್ ಮುಟ್ಟುವುದಿಲ್ಲ. ಅದು ನಮ್ಮ ಕಡೆಯ ಕಾನೂನು.

ಶಾಲು, ಕೋಟು, ಎರಡು ಅಂಗಿ ಸಮೇತ ಮೆಟ್ಟಿಲು ಹತ್ತಿ ಓಡಿದೆ. ಮುಂದಿನ ಸಾಲಿನಲ್ಲೇ ಎರಡು ಸೀಟು. ಗಿರಿಜ ಎರಡು ಸೀರೆಯ ಭಾರದಲ್ಲಿ ಇನ್ನೂ ಕೆಳಗೆ ಇದ್ದಳು. ಟವೆಲ್ ಇರಲಿಲ್ಲ. ಕೆಂಪು ಚೀಲವನ್ನು ಸೀಟಿನ ಮೇಲಿಟ್ಟು ಅವಳನ್ನು ಕರೆತರಲು ಹೋದೆ.

ವಾಪಸು ಬಂದಾಗ ಸೀಟಿನಲ್ಲಿ ಕನ್ನಡಕದ ದಪ್ಪ ಮನುಷ್ಯನೊಬ್ಬ ಕೂತಿದ್ದ. ಚೀಲ ಇರಲಿಲ್ಲ.

"ಏನ್ರೀ, ಚೀಲ ಇಟ್ಟಿದ್ದೆ, ಕಾಣ್ಲಿಲ್ವಾ?" ಎಂದೆ.

ಅವನು ಹಿಂದಿಯಲ್ಲಿ ಏನೋ ಹೇಳಿದ. ನಾನು ಚಳ್ಳಕೆರೆಯ ಸಂತೆ ಉರ್ದುವಿನಲ್ಲಿ ಉತ್ತರ ಕೊಟ್ಟೆ. ಗಗನಸಖಿ ಬಂದಳು. ಹಿಂದಿನವರು ಕೂಗಿದರು. ಕಡೆಗೆ ಆ ಮನುಷ್ಯ ಗೊಣಗುತ್ತ ಎದ್ದು ಹಿಂದಕ್ಕೆ ಹೋದ. ಗೆದ್ದೆ! ಗಿರಿಜಳನ್ನು ಕಿಟಕಿಯ ಪಕ್ಕ ಕೂರಿಸಿ, ಗೌಡಿಕೆ ಮಾಡಿದವನ ಹಾಗೆ ಕೂತೆ. ಗೆದ್ದ ಸಂಭ್ರಮದಲ್ಲಿ ಚೀಲ ಎಲ್ಲಿ ಎಂದು ಕೇಳುವುದು ಮರೆತೆ.

ವಿಮಾನ ಏರಿತು. ನಮ್ಮ ಊರಿನ ಮೇಲೆಯೇ ಹೋಗುತ್ತದೆ ಎಂಬ ನಂಬಿಕೆಯಿಂದ ಗಿರಿಜಳ ಮೇಲೆ ಬಾಗಿ ಕೆಳಗೆ ನೋಡಿದೆ. ಕೆಂಚು ನೆಲ, ಅಲ್ಲಲ್ಲಿ ಕೆರೆಯಂಥದ್ದು.

"ಮನೆ ಹಿತ್ತಲ ಬಾಗ್ಲು ಹಾಕೀವಾ ನೋಡ್ರಿ, ಹೆಂಗೂ ಬಗ್ಗೀರಿ" ಎಂದಳು ಗಿರಿಜ. ಸ್ವಲ್ಪ ಹೊತ್ತಿನ ಮೇಲೆ, "ಸೀರೆ ಎಲ್ಲೈತೆ?"

"ಮ್ಯಾಲೈತೆ" ಎಂದು ತಲೆಯ ಮೇಲಿನ ಗೂಡು ತೋರಿಸಿದೆ. ಗಗನಸಖಿ ಅಲ್ಲಿ ಎತ್ತಿಟ್ಟಿರಲೇಬೇಕು ಎಂಬುದು ನನ್ನ ತರ್ಕ.

ಪುಣೆಯಲ್ಲಿ ಗೂಡು ತೆರೆದಾಗ ಕೆಂಪು ಚೀಲ ಅಲ್ಲೇ ಇತ್ತು. ತರ್ಕಕ್ಕೆ ಜಯ! ಒಳಗೆ ಕೈ ಹಾಕಿ ಅಮುಕಿದೆ. ಪೇಪರು ಸುತ್ತಿದ ಮೆತ್ತನೆಯ ಬಟ್ಟೆ. ವ್ಯಾಪಾರಿಯ ಕೈ, ಮೋಸ ಹೋಗುವುದಿಲ್ಲ.

ಛತ್ರದಲ್ಲಿ ಗಿರಿಜ, "ಒಂದ್ಸಲ ಬಿಚ್ಚಿ ನೋಡಾನ ರೀ" ಎಂದಳು.

"ಮಡಿಕೆ ಕೆಡ್ತೈತೆ. ಅಂಜನಪ್ಪ ಹೇಳಿಲ್ವಾ?"

ಬೆಳಗ್ಗೆ ಮುಹೂರ್ತಕ್ಕೆ ಮುಂಚೆ ಎಲ್ಲರೂ ಕೂತರು. ಒಂದು ಕಡೆ ಗಂಡಿನ ಅಪ್ಪ, ಚಿಕ್ಕಪ್ಪಂದಿರು. ಇನ್ನೊಂದು ಕಡೆ ಅಕ್ಕ, ಬಸಣ್ಣ, ಟೆಂಪೋದ ಇಡೀ ಪಡೆ. ಬಾಗಿಲ ಮರೆಯಲ್ಲಿ ಸುಮ, ಸೀರೆಗಾಗಿ ಕಾಯುತ್ತ. ನಾನು ತಟ್ಟೆಯಲ್ಲಿ ಅರಿಸಿನ, ಕುಂಕುಮ, ಹಣ್ಣು ಜೋಡಿಸಿ, ಗಂಟಲು ಸರಿಮಾಡಿಕೊಂಡು, "ನಮ್ಮ ಮೊಳಕಾಲ್ಮೂರಿನ ಮಗ್ಗದ ಸೀರೆ" ಎಂದು ಪೇಪರು ಬಿಚ್ಚಿದೆ.

ಕಂದು ಬಣ್ಣದ ಸಫಾರಿ ಸೂಟಿನ ಬಟ್ಟೆ!

ಗಂಡಿನ ಅಪ್ಪ ಬಾಗಿ ನೋಡಿ, ಮರ್ಯಾದಸ್ಥರಾದ್ದರಿಂದ, "ಹುಡುಗನಿಗೂ ತಂದಿದೀರಾ, ಸಂತೋಷ. ಹುಡುಗಿಯದ್ದು?" ಎಂದರು.

ಅಕ್ಕ ತಟ್ಟೆಯತ್ತ ಬೆರಳು ತೋರಿಸಿದಳು. "ರುದ್ರ, ಏನೋ ಇದು? ನನ್ನ ಮಗಳು ಇದನ್ನ ಉಟ್ಕೊಂಡು ಮಂಟಪಕ್ಕೆ ಬರ್ಬೇಕೇನೋ?"

"ಭಾವ ವಿಮಾನದಾಗೆ ಹೊಲಿಸ್ಕಂಡು ಬರೋಣ ಅಂತಿದ್ರು, ಟೈಮ್ ಸಿಗ್ಲಿಲ್ಲ" ಎಂದ ಬಸಣ್ಣ. ಯಾರೋ ನಕ್ಕರು. ಸುಮ ನಗಲಿಲ್ಲ. ಬಾಗಿಲ ಮರೆಯಿಂದ ನನ್ನನ್ನೇ ನೋಡುತ್ತಿದ್ದಳು. ಪುರೋಹಿತರು ಗಡಿಯಾರ ನೋಡಿದರು.

ಗಿರಿಜ ಎದ್ದು ಒಳಗೆ ಹೋದಳು. ಮುಹೂರ್ತಕ್ಕೆಂದು ಅವಳು ತನ್ನ ಮದುವೆ ಸೀರೆಯನ್ನೇ ಉಟ್ಟಿದ್ದಳು. ಹೊರಬಂದಾಗ ಮೈಮೇಲೆ ಪ್ರಯಾಣದ ನೂಲಿನ ಸೀರೆಯಿತ್ತು. ಕೈಯಲ್ಲಿ ಮಡಿಸಿದ ರೇಷ್ಮೆ. ಸಫಾರಿಯನ್ನು ತಟ್ಟೆಯಿಂದ ತೆಗೆದು ನನ್ನ ತೊಡೆಯ ಮೇಲೆ ಹಾಕಿ, ಆ ಜಾಗದಲ್ಲಿ ತನ್ನ ಸೀರೆ ಇಟ್ಟಳು.

"ಕೊಡ್ರಿ" ಎಂದಳು. ಕೊಟ್ಟೆ.

ಮದುವೆ ಆಯಿತು. ಚೆನ್ನಾಗಿಯೇ ಆಯಿತು ಎಂದು ಎಲ್ಲರೂ ಹೇಳಿದರು. ನಾನು ಹೆಚ್ಚಿನ ಹೊತ್ತು ಅಡುಗೆಯವರ ಕಡೆ ಇದ್ದೆ.

ಊರಿಗೆ ಬಂದು ಕಂಪನಿಗೆ ಫೋನ್ ಮಾಡಿದೆ. ಟಿಕೆಟ್ ಮಾತ್ರ ನಮ್ಮದು, ನಿಲ್ದಾಣದ ಕೆಲಸ ಬೇರೆಯವರದು ಎಂದರು. ಆ ಬೇರೆಯವರು, ಕೈಚೀಲ ಪ್ರಯಾಣಿಕರ ಜವಾಬ್ದಾರಿ ಎಂದರು. ಪ್ರಯಾಣಿಕ ನಾನೇ. ದೂರು ವಾಪಸು ನನ್ನ ಹತ್ತಿರವೇ ಬಂತು! ಕೆಲವು ವರ್ಷಗಳಲ್ಲಿ ಕಂಪನಿಯನ್ನೇ ಇನ್ನೊಂದು ಕಂಪನಿ ಕೊಂಡು, ವಿಮಾನಗಳ ಬಾಲಕ್ಕೆಲ್ಲ ಹೊಸ ಬಣ್ಣ ಬಳಿಯಿತು. ಪೈಪೋಟಿ ಕಡಿಮೆಯಾಗಿ ದರ ಏರಿತು. ನಮ್ಮ ಬೀದಿಯ ಎರಡು ಮಿಲ್ಲುಗಳಲ್ಲಿ ಒಂದು ಮುಚ್ಚಿದಾಗ ನಾನೂ ಎಣ್ಣೆಯ ದರ ಏರಿಸಿದ್ದೆ. ಡಬ್ಬವನ್ನು ಮಾತ್ರ ಮತ್ತೆ ಒಳಗೆ ಸೇರಿಸಲಿಲ್ಲ.

ಸಫಾರಿಯ ಚೀಲ ಆ ದಪ್ಪ ಮನುಷ್ಯನದೇ ಇರಬೇಕು, ಎದ್ದು ಹಿಂದಕ್ಕೆ ಹೋಗುವಾಗ ನನ್ನದನ್ನೇ ತನ್ನದೆಂದು ಎತ್ತಿಕೊಂಡಿರಬೇಕು ಎಂದು ನನ್ನ ಊಹೆ. ಅವನೂ ಯಾರದೋ ಎದುರು ಪೇಪರು ಬಿಚ್ಚಿ, ಹೊಲಿಸಿಕೊಳ್ಳಿ ಎಂದು ನವಿಲಿನ ಸೆರಗು ಕೊಟ್ಟಿರಬಹುದು. ಅಥವಾ ಚೀಲ ಅವನದಲ್ಲವೇನೋ. ಅವನಿಗೆ ಕನ್ನಡಕ ಇತ್ತೋ ಇಲ್ಲವೋ, ಅದನ್ನೂ ಈಗ ಆಣೆ ಮಾಡಿ ಹೇಳಲಾರೆ.

ಅಂಜನಪ್ಪ ಸಿಕ್ಕಾಗಲೆಲ್ಲ, "ಸೀರೆ ಎಂಗೈತೆ ಸ್ವಾಮಿ?" ಎಂದು ಕೇಳುತ್ತಿದ್ದ. ಚೆನ್ನಾಗೈತೆ ಎನ್ನುತ್ತಿದ್ದೆ. ಸುಳ್ಳಲ್ಲದೆಯೂ ಇರಬಹುದು. ಸಫಾರಿ ಬಟ್ಟೆ ನಮ್ಮ ಬೀರುವಿನಲ್ಲಿದೆ. ಅದರ ಪಕ್ಕದಲ್ಲಿ ಗಿರಿಜಳ ಸೀರೆ ಇದ್ದ ಜಾಗ ಖಾಲಿ ಇದೆ. ಸುಮ ಒಮ್ಮೆ ಅದನ್ನು ವಾಪಸು ಕೊಡಲು ತಂದಿದ್ದಳು. ಗಿರಿಜ ತೆಗೆದುಕೊಳ್ಳಲಿಲ್ಲ. ಅಷ್ಟು ಜನರೆದುರು ಅದನ್ನು ತಟ್ಟೆಯಲ್ಲಿಡುವಾಗ ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಕೇಳಿಲ್ಲ. ವಿಮಾನದ ಬಾಲದ ಬಣ್ಣದ ಬಗ್ಗೆ ಮಾತ್ರ ಜಗಳವಾಡುತ್ತೇವೆ.

ಅದು ಯಾವ ಬಣ್ಣ ಎಂಬುದೂ ನನಗೆ ಗೊತ್ತಿಲ್ಲ. ಹಳದಿಯೇ ಇರಬೇಕು...