ಎರಡು ತಾಲೂಕಿನ ನಡುವಿನ ಕಾಲುಸಂಕ

ಸಂವಿಧಾನದ ಪಾಠ ಮಾಡೋ ಮೇಷ್ಟ್ರಿಗೆ ನಗೋ ಪ್ರಸಂಗಗಳಿಗೇನೂ ಬರವಿಲ್ಲ. ನಕ್ಕಾದ ಮೇಲೆ ಅಳು ಬರುತ್ತೆ, ಅಷ್ಟೇ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಸಮಾಜ ವಿಜ್ಞಾನ ಕಲಿಸಿದವನು ನಾನು. ಇದು ಯಾವ ಎರಡು ತಾಲೂಕಿನ ಗಡಿಯಲ್ಲಿ ನಡೆದಿದ್ದು ಅಂತ ಮಾತ್ರ ಹೇಳೋದಿಲ್ಲ. ಎಲ್ಲರೂ ಪಕ್ಕದ ತಾಲೂಕಿನದು ಅಂದ್ಕೊಂಡು ನಗಲಿ.

೧. ಬೆಂಚಿನ ಮೇಲೆ ಪ್ರಧಾನಿ

ನಮ್ಮ ಹೈಸ್ಕೂಲಿಗೆ ಒಂದು ಹುಡುಗಿ ಹಳ್ಳ ದಾಟಿ ಬರಬೇಕಿತ್ತು. ಹಳ್ಳಕ್ಕಿದ್ದಿದ್ದು ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ. ಮಳೆಗಾಲದಲ್ಲಿ ಅದು ತೇಲಿಹೋದರೆ ಹುಡುಗಿ ತಿಂಗಳುಗಟ್ಟಲೆ ಮನೆಯಲ್ಲೇ. ಮುಂದಿನ ವರ್ಷ ಅವಳಿಗೆ ಹತ್ತನೇ ಕ್ಲಾಸು. ಹಾಜರಾತಿ ಕಮ್ಮಿಯಾದರೆ ಪರೀಕ್ಷೆಗೇ ಕೂರಿಸೋ ಹಾಗಿಲ್ಲ.

ಆ ವರ್ಷ ಶಾಲಾ ಸಂಸತ್ತಿಗೆ ಅವಳೇ ಪ್ರಧಾನಮಂತ್ರಿ. ಮೊದಲ ಅಧಿವೇಶನದಲ್ಲೇ "ಹಳ್ಳಕ್ಕೆ ಸಿಮೆಂಟಿನ ಕಾಲುಸಂಕ ಬೇಕು" ಅಂತ ಠರಾವು ಮಂಡಿಸಿದಳು. ವಿರೋಧ ಪಕ್ಷವೂ ಕೈ ಎತ್ತಿತು. ನನಗೋ ಹೆಮ್ಮೆ.

ಹೆಡ್‌ಮಾಸ್ಟರು ಬಂದು, "ಇದೆಲ್ಲ ನಿಮ್ಮ ವ್ಯಾಪ್ತಿಗೆ ಬರಲ್ಲ. ಅಂಗಳ ಗುಡಿಸೋದರ ಬಗ್ಗೆ ಠರಾವು ಮಾಡಿ" ಅಂದರು.

"ಹಂಗಾದ್ರೆ ಎಲೆಕ್ಷನ್ ಯಾಕ್ ಮಾಡಿದ್ರಿ ಸಾರ್?" ಅಂತ ಕೇಳಿದಳು.

ಪೂರ್ಣ ಬಹುಮತ ಇಟ್ಟುಕೊಂಡು ಒಂದು ಪೀರಿಯಡ್ ಪೂರ್ತಿ ಬೆಂಚಿನ ಮೇಲೆ ನಿಂತ ಪ್ರಧಾನಿ ಅವಳೊಬ್ಬಳೇ ಇರಬೇಕು.

೨. ಪಾಲು

ನಾನು ಅವಳ ಅಪ್ಪನನ್ನು ಕರಕೊಂಡು ಹೊರಟೆ. ಅವನು ಅಡಿಕೆ ಕೊನೆ ಇಳಿಸೋಕೆ ಮರ ಹತ್ತೋ ಮನುಷ್ಯ, ಮಾತು ಕಮ್ಮಿ. ಜನಪ್ರತಿನಿಧಿಗಳ ಮನೆಯಲ್ಲಿ, "ನಾವು ಹೇಳಬಹುದು, ಮಾಡಬೇಕಾದವರು ಅಧಿಕಾರಿಗಳು" ಅಂದರು. ಅಧಿಕಾರಿಗಳು, "ಅವರು ಬರೆದುಕೊಟ್ಟರೆ ಮಾಡ್ತೀವಿ. ಆದ್ರೂ ಗಡಿ ಹಳ್ಳದ ನಡುವಿಗಿದೆ, ಅರ್ಧ ನಮ್ಮದಲ್ಲ" ಅಂದರು. ಕೋರ್ಟಿಗೆ ಹೋಗೋಣ ಅಂದರೆ ವಕೀಲರು ಕನ್ನಡಕ ಒರೆಸಿಕೊಂಡು, "ಹೋಗಬಹುದು. ತೀರ್ಪು ಬರೋ ಹೊತ್ತಿಗೆ ಈ ಮಗೂನ ಮೊಮ್ಮಕ್ಕಳು ಕಾಲೇಜಲ್ಲಿರ್ತಾರೆ" ಅಂದರು.

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರನ್ನೂ ಒಂದೇ ದಿನ ಸುತ್ತಿ, ಕಾಲು ಸೋತು ಬಸ್ಸಿನಲ್ಲಿ ಕೂತೆವು. ಆಗ ಅವನು ಬಾಯಿ ಬಿಟ್ಟ.

"ಮೇಷ್ಟ್ರೇ, ಅಧಿಕಾರಾನ ಹಿಂಗೆ ಪಾಲು ಮಾಡಿದ್ದು ಎಂತಕ್ಕೆ?"

"ಎಲ್ಲಾ ಒಬ್ಬರ ಕೈಯಲ್ಲೇ ಇರಬಾರದು ಅಂತ ಮಾರಾಯ."

"ಯಾರ ಕೈಯಲ್ಲೂ ಇಲ್ವಲ್ಲ!"

ಇಪ್ಪತ್ತು ವರ್ಷ ಪಾಠ ಮಾಡಿದವನು ನಾನು. ಕಂಡಕ್ಟರ್ ಕಡೆ ತಿರುಗಿ ಚಿಲ್ಲರೆ ಕೇಳಿದೆ.

೩. ಸಂಕ ಬಂತು

ಅರ್ಜಿ ಮೇಲೆ ಅರ್ಜಿ ಕೊಟ್ಟಿದ್ದಕ್ಕೆ ಕೊನೆಗೂ ಮಂಜೂರಾಯ್ತು. ಎರಡೂ ತಾಲೂಕಿನವರು ತಮ್ಮ ತಮ್ಮ ದಡದಿಂದ ಶುರು ಮಾಡಿ, ಗಡಿಯವರೆಗೆ ಕಟ್ಟೋದು ಅಂತ ಒಪ್ಪಂದ. ಕಟ್ಟಿದರು ಕೂಡ, ಪಾಪ, ಸುಳ್ಳು ಹೇಳಬಾರದು. ಆದರೆ ಹುಡುಗಿಯ ಮನೆಯಿರೋ ಆಚೆ ದಡ ಎತ್ತರ, ಶಾಲೆಯಿರೋ ಈಚೆ ದಡ ತಗ್ಗು. ಇಬ್ಬರೂ ತಮ್ಮ ದಡದ ಮಟ್ಟಕ್ಕೇ ನೆಟ್ಟಗೆ ಕಟ್ಟಿಬಿಟ್ಟರು. ಹಳ್ಳದ ನಡುವೆ ಎರಡು ಅರ್ಧಗಳೂ ಸೇರೋ ಜಾಗದಲ್ಲಿ ಒಂದಾಳೆತ್ತರದ ವ್ಯತ್ಯಾಸ!

"ಇದೆಂಥದು ಸ್ವಾಮಿ?" ಅಂತ ಕೇಳಿದರೆ ಎರಡೂ ಕಡೆಯವರದ್ದು ಒಂದೇ ಮಾತು: "ನಮ್ಮ ಅರ್ಧ ಸರಿಯಾಗೇ ಇದೆ, ಅಳತೆ ಹಿಡಿದು ನೋಡಿ."

ಉದ್ಘಾಟನೆಯೂ ಎರಡು. ಎರಡು ಟೇಪು, ಎರಡು ಕತ್ತರಿ. ಮೇಲಿನ ಸಂಕದವರು ಬಗ್ಗಿ ಕೆಳಗಿನ ಸಂಕದವರಿಗೆ ಲಾಡು ಕೊಟ್ಟರು. ಎರಡು ತಾಲೂಕುಗಳ ನಡುವೆ ಅವತ್ತು ಆ ಸಂಕದ ಮೇಲೆ ದಾಟಿದ್ದು ಆ ಲಾಡು ಒಂದೇ.

೪. ಜಂಟಿ ನೋಟಿಸು

ಮಾರನೇ ದಿನವೇ ಹುಡುಗಿಯ ಅಪ್ಪ ಅಡಿಕೆ ಮರದ ಏಣಿ ಮಾಡಿ ನಡುವೆ ಕಟ್ಟಿದ. ಹುಡುಗಿ ಬೆಳಗ್ಗೆ ಇಳಿದು ಬಂದಳು, ಸಂಜೆ ಹತ್ತಿ ಹೋದಳು. ಹತ್ತನೇ ಕ್ಲಾಸಿನ ಜೂನ್ ಪೂರ್ತಿ ಹಾಜರಿ! ನನ್ನ ಎದೆಯ ಭಾರ ಇಳಿದಿತ್ತು.

ಜುಲೈಯಲ್ಲಿ ನೋಟಿಸು ಬಂತು. "ಸರ್ಕಾರಿ ಕಾಮಗಾರಿಯ ಮೇಲೆ ಅನಧಿಕೃತವಾಗಿ ಇಟ್ಟಿರುವ ಏಣಿಯನ್ನು ಕೂಡಲೇ ತೆರವುಗೊಳಿಸತಕ್ಕದ್ದು." ಕೆಳಗೆ ಎರಡೂ ತಾಲೂಕಿನ ಮೊಹರು, ಅಕ್ಕಪಕ್ಕ! ಸಂಕಕ್ಕೆ ಒಟ್ಟಿಗೆ ಕೂತು ಒಂದು ಗೆರೆ ಎಳೆಯದವರು ಏಣಿಗೆ ಒಂದೇ ಕಾಗದದಲ್ಲಿ ರುಜು ಹಾಕಿದ್ದರು. ಆ ದಿನ ನನಗೆ ಪಾಠ ಮಾಡೋಕೆ ಆಗಲಿಲ್ಲ. ಎಲ್ಲಾ ಮುಗೀತು ಅನ್ನಿಸಿತು.

ಮಾರನೇ ಬೆಳಗ್ಗೆ ಧೋ ಅಂತ ಮಳೆ. ಮನಸ್ಸು ತಡೆಯದೆ ಹಳ್ಳದ ಹತ್ತಿರ ಹೋದೆ. ಏಣಿ ಇರಲಿಲ್ಲ. ಕೆಳಗಿನ ಸಂಕದ ತುದಿಯಲ್ಲಿ ಅಪ್ಪ ಮೇಲಿನ ಸಂಕದ ಸಿಮೆಂಟು ಗೋಡೆಗೊರಗಿ ನಿಂತಿದ್ದ. ಮಗಳು ಬ್ಯಾಗು ಬೆನ್ನಿಗೆ ಹಾಕಿಕೊಂಡು ಮೇಲಿನಿಂದ ಅವನ ಹೆಗಲ ಮೇಲೆ ಕಾಲಿಟ್ಟು ಇಳಿಯುತ್ತಿದ್ದಳು. ತೆರವು ನೋಡೋಕೆ ಬಂದ ನೌಕರನೊಬ್ಬ ಛತ್ರಿ ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಇದೇನಪ್ಪಾ, ಇಲ್ಲಿ ಹಿಂಗೆ ನಿಲ್ಲೋ ಹಾಗಿಲ್ಲ" ಅಂದ ಅವನು.

ಮಗಳ ಕಾಲು ನೆಲ ಮುಟ್ಟೋವರೆಗೂ ಅಪ್ಪ ಅಲ್ಲಾಡಲಿಲ್ಲ. ಆಮೇಲೆ ಹೆಗಲ ಮೇಲಿನ ಕೆಸರು ಒರೆಸಿಕೊಳ್ಳುತ್ತಾ ಹೇಳಿದ:

"ಏಣಿ ತೆಗ್ದಾಯ್ತು ಸ್ವಾಮಿ. ನನ್ನ ತೆಗೀಬೇಕು ಅಂದ್ರೆ ಇನ್ನೊಂದು ನೋಟಿಸು ತನ್ನಿ. ಎರಡೂ ತಾಲೂಕಿನ ಮೊಹರು ಇರ್ಲಿ. ಅದು ಬರೋದ್ರೊಳಗೆ ಇವಳ ಪರೀಕ್ಷೆ ಮುಗಿದಿರುತ್ತೆ."