ಕಿಟಕಿಯ ಕೋಣೆ ತೆರವು ಮಾಡುವಂತೆ ರೇಷ್ಮೆಹುಳುಗಳಿಗೆ ಅರಿಕೆ

ಚನ್ನಪಟ್ಟಣ ತಾಲ್ಲೂಕಿನ ನಮ್ಮ ಮನೆಯ ಕಿಟಕಿಯ ಕೋಣೆಯಲ್ಲಿ, ಬಿದಿರು ತಟ್ಟೆಗಳ ಮೇಲೆ ಬಿಜಯಮಾಡಿಸಿರುವ ಮಾನ್ಯ ರೇಷ್ಮೆಹುಳುಗಳೇ, ತಮ್ಮ ಮೇವಿಗೆ ಅಡ್ಡಿಯಾಗದಷ್ಟು ದೂರದಲ್ಲಿ ನಿಂತು ಚೆಲುವಯ್ಯನಾದ ನಾನು ಮಾಡುವ ನಮಸ್ಕಾರಗಳು.

ತಮ್ಮ ಹಿರಿಮೆ ನನಗೆ ತಿಳಿಯದ್ದಲ್ಲ. ತಮ್ಮನ್ನು ಹೆತ್ತ ಚಿಟ್ಟೆಗಳಲ್ಲಿ ರೋಗವಿದೆಯೇ ಎಂದು ಮಹಾರಾಜ ಮಹಾಸ್ವಾಮಿಯವರ ಸರ್ಕಾರ ಭೂತಗನ್ನಡಿಯಲ್ಲಿ ನೋಡಿಸಿಯೇ ಮೊಟ್ಟೆ ಕೊಡುತ್ತದೆ. ನನ್ನ ಹೆಂಡತಿ ಕಾವೇರಮ್ಮನ ಎಡಗಣ್ಣು ಕೆಂಪಾಗಿ ಮಂಜಾದಾಗ ಮಾತ್ರ ನಮ್ಮ ಮನೆಯವರು ಒಲೆಯ ಹೊಗೆ ಎಂದರು, ದೃಷ್ಟಿ ಎಂದರು, ಹರಳೆಣ್ಣೆ ಬಿಟ್ಟರು. ಆ ಕಣ್ಣು ಹೋಗಿ ಬಲಗಣ್ಣೂ ಕೆಂಪಾದ ಮೇಲೆ ಅವಳನ್ನು ರೈಲಿನಲ್ಲಿ ಬೆಂಗಳೂರಿಗೆ ಕರೆದೊಯ್ದೆ. ಕಣ್ಣಿನ ಡಾಕ್ಟರು ರೋಗ ಯಾವುದೆಂದು ಪತ್ತೆಮಾಡಲು ತೋಳಿಗೆ ಸೂಜಿಮದ್ದು ಹಾಕಿದರು. ಜ್ವರ ಬಂದು ಕಣ್ಣು ಇನ್ನಷ್ಟು ಕೆಂಪೇರಿತು. ಸೂಜಿಯೇ ಕಣ್ಣು ಕೆಡಿಸಿತೆಂದು ನಮ್ಮ ತಾಯಿ ಚಿಕ್ಕಲಕ್ಷ್ಮಮ್ಮನವರು ಇಂದಿಗೂ ನಂಬಿದ್ದಾರೆ. ಹಾಗೆ ಕೆಂಪೇರಿದ್ದರಿಂದಲೇ ಇದು ಕಣ್ಣಿಗೆ ಇಳಿದ ಕ್ಷಯವೆಂದು ತಿಳಿಯಿತು ಎಂದರು ಡಾಕ್ಟರು. ತೊಟ್ಟುಮದ್ದು, ಹಾಲು, ವಿಶ್ರಾಂತಿ, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿಯಾಡುವ ಕೋಣೆ ಬೇಕು, ಇಲ್ಲವಾದರೆ ಈ ಕಣ್ಣೂ ಉಳಿಯುವುದಿಲ್ಲ ಎಂದರು. ನನಗೆ ಭಯವಾಗಿದೆ.

ನಮ್ಮಲ್ಲಿ ಗಾಳಿಯಾಡುವ ಕೋಣೆ ಇರುವುದು ಒಂದೇ, ಅದರಲ್ಲಿ ತಾವಿದ್ದೀರಿ. ಅವಳು ಉಗ್ರಾಣದಲ್ಲಿ ರಾಗಿ ಚೀಲಗಳ ನಡುವೆ ಮಲಗುತ್ತಾಳೆ. ಕೇಳಿದರೆ ನಮ್ಮ ತಾಯಿ, ‘ಗಾಳಿ ಇಲ್ದಿದ್ರೆ ಹುಳ ಸತ್ತೋಯ್ತವೆ ಕಣಪ್ಪ, ಕಣ್ಣಿಗೆ ಕತ್ಲೇನೇ ವಾಸಿ’ ಎನ್ನುತ್ತಾರೆ. ತಾವು ಪೊರೆ ಬಿಡುವ ಮುನ್ನ, ನಾವು ಜ್ವರವೆನ್ನುವ ನಿದ್ದೆಗೆ ಕುಳಿತಾಗ ಮನೆಯಲ್ಲಿ ಯಾರೂ ಸದ್ದು ಮಾಡುವಂತಿಲ್ಲ. ಅವಳು ಸಂಜೆಯ ಜ್ವರದಲ್ಲಿ ಮಲಗಿದ್ದರೆ ತಮಗೆ ಸೊಪ್ಪು ಹೆಚ್ಚಲು ಎಬ್ಬಿಸುತ್ತಾರೆ.

ಆದ್ದರಿಂದ ತಾವು ದಯಮಾಡಿ ನಮ್ಮ ತಾಯಿಯವರ ಬಳಿಗೆ ತೆವಳಿಕೊಂಡು ಹೋಗಿ, ಗಾಳಿ ಜಾಸ್ತಿಯಾಗಿ ನೆಗಡಿ ಹಿಡಿದಿದೆ, ಕತ್ತಲೆಯ ಕೋಣೆ ಕೊಡಿಸಿ ಎಂದು ಕೇಳಿಕೊಳ್ಳಬೇಕು. ತಮ್ಮ ಮಾತನ್ನು ಅವರು ತೆಗೆದುಹಾಕುವವರಲ್ಲ. ಅದಾಗದಿದ್ದರೆ ಕಾವೇರಮ್ಮನಿಗೆ ಬಾಯಿಂದ ನೂಲು ತೆಗೆಯುವ ವಿದ್ಯೆಯನ್ನಾದರೂ ಕಲಿಸಿಕೊಡಿ. ಆಗ ಅವಳಿಗೂ ಕಿಟಕಿಯ ಬಳಿ ಒಂದು ತಟ್ಟೆ ಸಿಕ್ಕೀತು.

ಸದಾ ಸೊಪ್ಪಿನ ಸೇವೆಯಲ್ಲಿರುವ,
ತಮ್ಮ ವಿಶ್ವಾಸಿ,
ಚೆಲುವಯ್ಯ

ಮರೆತ ಮಾತು: ತಮ್ಮ ಉತ್ತರಕ್ಕೆ ಕಾಯುವಷ್ಟು ವ್ಯವಧಾನ ಆ ಕಣ್ಣಿಗಿಲ್ಲವಾದ್ದರಿಂದ, ಇಂದು ತಾಯಿ ಸಂತೆಗೆ ಹೋಗಿದ್ದಾಗ ತಮ್ಮ ತಟ್ಟೆಗಳನ್ನು ಉಗ್ರಾಣಕ್ಕೆ ಸಾಗಿಸಿ, ಅವಳ ಮಂಚವನ್ನು ಕಿಟಕಿಯ ಬಳಿ ಹಾಕಿದ್ದೇನೆ. ತಾಯಿ ಬಂದವರೇ ಊಟ ಬಿಟ್ಟು ತಮ್ಮ ಪಕ್ಕದಲ್ಲಿ ಕುಳಿತು ಅಳುತ್ತಿದ್ದಾರೆ. ಈ ಮನೆಯಲ್ಲಿ ಒಬ್ಬರ ಆರೋಗ್ಯಕ್ಕಾಗಿ ಅವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು.