ನನ್ನ ಗಿಡದ ಬಾಲ

೧೯೭೯ನೇ ಇಸವಿ ಜುಲೈ ೧೫, ಭಾನುವಾರ, ಬೆಳಿಗ್ಗೆ ೧೦ ಗಂಟೆ ೨೦ ನಿಮಿಷ. ತವರಿನಿಂದ ತೀರ್ಥಹಳ್ಳಿಗೆ ಮರಳುತ್ತಿದ್ದ ನನ್ನ ಬಸ್ಸು ಹೊಸನಗರ ದಾಟಿದ ಮೇಲೆ ರಸ್ತೆಗೆ ಅಡ್ಡ ಬಿದ್ದಿದ್ದ ಹಲಸಿನ ಮರದ ಮುಂದೆ ನಿಂತಿತು. ನನ್ನ ಸಸ್ಯಶಾಸ್ತ್ರ ಆರಂಭವಾದದ್ದು ಆ ನಿಮಿಷದಲ್ಲಿ.

ಗಂಡಸರೆಲ್ಲ ಇಳಿದು ಮರ ಕಡಿಯುವವನಿಗೆ ಸಲಹೆ ಕೊಡಲು ನಿಂತರು. (ಕೊಡಲಿ ಒಂದು, ಸಲಹೆಗಾರರು ಹತ್ತೊಂಬತ್ತು.) ನಾನು ಬಿದ್ದ ಕೊಂಬೆಗಳನ್ನು ನೋಡುತ್ತ ಹೋದೆ. ಒಂದರ ಮೇಲೆ ಯಾವತ್ತೂ ಕಾಣದ ಗಿಡವೊಂದಿತ್ತು. ಎಲೆಗಳು ದಪ್ಪ, ಚಪ್ಪಟೆ, ಒಂದರೊಳಗೊಂದು ಸೇರಿಸಿ ಹೆಣೆದ ಪುಟ್ಟ ಜಡೆಗಳ ಹಾಗೆ. ಅಂಥ ಜಡೆ ಏಳು.

"ಅದೆಂತ, ಸೀತಾಳೆ ಪೈಕಿದಲ್ದಾ ಅಕ್ಕ? ತಗಂಡ್ ಹೋಗಿ, ಚೆನಾಗಿ ಹೂ ಬಿಡ್ತದೆ" ಎಂದರು ಕಂಡಕ್ಟರು.

ಸೀತಾಳೆ! ಕೊಂಬೆಯಿಂದ ಜೋತುಬೀಳುವ ಆ ಬಿಳಿ-ನಸುಗೆಂಪು ದಂಡೆಯನ್ನು ಮುಡಿದರೆ ಹೆರಳಿಗೆ ಬೇರೆ ಹೂವೇ ಬೇಡ. ಕಂಡಕ್ಟರ ಮಾತನ್ನು ನಾನು ಪೂರ್ತಿ ನಂಬಿದೆ. ಒಂದೂವರೆ ಅಡಿ ಕೊಂಬೆಯನ್ನು ಗಿಡದ ಸಮೇತ ಕಡಿಸಿಕೊಂಡು, ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ.

ನನ್ನ ವಿಷಯ ಎರಡು ಮಾತು ಹೇಳಬೇಕು. ಆಗ ನನಗೆ ಇಪ್ಪತ್ತಮೂರು ವರ್ಷ, ಮದುವೆಯಾಗಿ ಎಂಟು ತಿಂಗಳು. ಆರನೇ ಕ್ಲಾಸಿನಿಂದ ಡೈರಿ ಬರೆಯುವವಳು. ತಾರೀಖು, ಗಂಟೆ, ಸಂಖ್ಯೆ ಇಲ್ಲದೆ ನನಗೆ ಯಾವ ಸಂಗತಿಯೂ ನಡೆದಂತೆ ಅನಿಸುವುದಿಲ್ಲ. "ಇವಳನ್ನ ಕಟ್ಟಿಕೊಂಡ ಮೇಲೇ ನಾನು ದಿನಕ್ಕೆ ಎಷ್ಟು ಸಲ ಸೀನ್ತೀನಿ ಅಂತ ಗೊತ್ತಾಗಿದ್ದು" ಎಂದು ಸೊಸೈಟಿಯಲ್ಲಿ ಗುಮಾಸ್ತರಾಗಿರುವ ನಮ್ಮವರು ಎಲ್ಲರ ಎದುರು ಹೇಳುತ್ತಾರೆ. (ಸರಾಸರಿ ನಾಲ್ಕು.)

ಹೀಗಾಗಿ ಗಿಡಕ್ಕೂ ಒಂದು ಹೊಸ ನೋಟ್‌ಬುಕ್ ಬಂತು. ಮೊದಲ ಪುಟದಲ್ಲಿ ಬಂದ ದಿನ, ಬಂದ ಸ್ಥಳ, ಜಡೆಗಳ ಸಂಖ್ಯೆ ಎಲ್ಲ ತುಂಬಿಸಿದೆ. ಮೇಲ್ಗಡೆ "ಹೆಸರು" ಎಂದು ಬರೆದು ಗೆರೆ ಎಳೆದು ಖಾಲಿ ಬಿಟ್ಟೆ. ಒಂದು ವಾರದಲ್ಲಿ ತುಂಬಿಸಿದರಾಯಿತು ಎಂದುಕೊಂಡಿದ್ದೆ. ಎಂಥ ಧೈರ್ಯ!

ಮೊದಲ ಕೆಲಸವಾಗಿ ಗಿಡವನ್ನು ಕೊಂಬೆಯಿಂದ ಬಿಡಿಸಿ ಕುಂಡಕ್ಕೆ ಹಾಕಿ, ಕೆಮ್ಮಣ್ಣು, ಸಗಣಿ ಗೊಬ್ಬರ ತುಂಬಿ, ದಿನಕ್ಕೆರಡು ಚೊಂಬು ನೀರು ಕೊಟ್ಟೆ. ಹುಟ್ಟಿದಾಗಿನಿಂದ ಮಣ್ಣಿನ ಮುಖ ನೋಡದ ಗಿಡ ಅದು. ಹನ್ನೆರಡನೇ ದಿನಕ್ಕೆ ಮೂರು ಜಡೆ ಕೊಳೆತವು. ಬಾಕಿ ನಾಲ್ಕು.

ಉಳಿದದ್ದನ್ನು ಬಾಳೆನಾರಿನಿಂದ ಮತ್ತೆ ಅದೇ ಕೊಂಬೆಗೆ ಕಟ್ಟಿ, ಹಿತ್ತಲ ಜಗುಲಿಯ ಕಂಬಕ್ಕೆ ನೇತುಹಾಕಿದೆ. ಅಲ್ಲೊಂದು ಅಶಿಸ್ತು ಕಣ್ಣಿಗೆ ಬಿತ್ತು. ಸದರಿ ಗಿಡದ ಜಡೆಗಳೆಲ್ಲ ಕೆಳಮುಖವಾಗಿ ಜೋತಾಡುತ್ತಿದ್ದವು. ಗಿಡ ಎಂದ ಮೇಲೆ ಮೇಲಕ್ಕೆ ಬೆಳೆಯಬೇಕಲ್ಲವೇ? ಕೊಂಬೆಯನ್ನೇ ತಿರುಗಿಸಿ ಕಟ್ಟಿದೆ. ಜಡೆಗಳು ನಿಧಾನವಾಗಿ ಬಾಗಿ ಮತ್ತೆ ಕೆಳಗೆ ನೋಡಿದವು. ಮತ್ತೆ ತಿರುಗಿಸಿದೆ. ನಲವತ್ತೊಂದು ದಿನದಲ್ಲಿ ಆರು ಸಲ ಈ ಕಾರ್ಯಕ್ರಮ ನಡೆಯಿತು.

ಅಕ್ಕಿ ಆರಿಸುತ್ತ ಕೂತಿದ್ದ ನಮ್ಮ ಅತ್ತೆ ಕೊನೆಗೆ ಬಾಯಿಬಿಟ್ಟರು. "ಎಂತ ಮಾರಾಯ್ತಿ ನೀನು, ಬಾವಲಿಗೆ ನಿಂತ್ಕಳಕ್ಕೆ ಕಲ್ಸಿದಂಗಾಯ್ತಲ್ಲೇ! ಅದ್ರ ಪಾಡಿಗೆ ಅದನ್ನ ಬಿಡೇ."

ಬಿಟ್ಟೆ. ಗಿಡ ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ ಉಸಿರಾಡಿತು.

ನವೆಂಬರಿನಲ್ಲಿ ಒಂದು ಜಡೆಯ ತುದಿಯಿಂದ ಇಲಿಯ ಬಾಲದಂಥ ವಸ್ತು ಇಳಿಯಿತು. ತೆಳ್ಳಗೆ, ಹಳದಿ ಮಿಶ್ರಿತ ಹಸಿರು, ಮುಟ್ಟಿದರೆ ತರಿತರಿ. ಆ ದಿನಗಳ ನನ್ನ ಬರವಣಿಗೆಯನ್ನು ಯಥಾವತ್ತಾಗಿ ಕೊಡುತ್ತೇನೆ. "ನ. ೪: ಹೂ ಇಲ್ಲ. ಬಾಲ ಎರಡು ಅಂಗುಲ. ನ. ೧೧: ಹೂ ಇಲ್ಲ. ಬಾಲ ನಾಲ್ಕು ಅಂಗುಲ. ನ. ೧೯: ಹೂ ಇಲ್ಲ. ಬಾಲದ ಮೇಲೆಲ್ಲ ಧೂಳಿನಂಥ ಗುಳ್ಳೆ. ರೋಗ ಖಚಿತ. ಸಂಜೆ ೫-೧೦ಕ್ಕೆ ಕತ್ತರಿಯಿಂದ ತೆಗೆದೆ."

ತೆಗೆದದ್ದನ್ನು ಎಸೆಯುವ ಜಾತಿ ನಾನಲ್ಲ. "ಬಾಲದ ರೋಗ, ಮಾದರಿ ೧" ಎಂದು ಬರೆದು ನೋಟ್‌ಬುಕ್ಕಿನ ಹಾಳೆಗಳ ನಡುವೆ ಒತ್ತಿಟ್ಟೆ.

೧೯೮೦ರ ಆಗಸ್ಟಿನಲ್ಲಿ ನಮ್ಮವರ ಕೈಗಡಿಯಾರ ನಿಂತಿತು. ಬಸ್‌ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿ ಮಾಡುವ ಹುಸೇನ್ ಸಾಬರಲ್ಲಿಗೆ ಒಯ್ದೆ. ಅದು ದಿನಕ್ಕೆ ಎಷ್ಟು ನಿಮಿಷ ಹಿಂದೆ ಬೀಳುತ್ತಿತ್ತೆಂದು ಗಿಡದ ನೋಟ್‌ಬುಕ್ಕಿನ ಕೊನೆಯ ಪುಟದಿಂದ ಓದಿ ಹೇಳುವಾಗ ಮಾದರಿ ಒಂದು ಅವರ ಮೇಜಿನ ಮೇಲೆ ಬಿತ್ತು. ಸಾಬರ ಕಣ್ಣಿನಲ್ಲಿ ಭೂತಗನ್ನಡಿ ಸಿಕ್ಕಿಸಿಕೊಂಡೇ ಇತ್ತು. ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

"ಅಮ್ಮಾ, ಇದು ರೋಗ ಅಂತ ಬರ್ದೀರಲ್ಲ, ಯಾರು ಹೇಳಿದ್ದು?"

"ನಾನೇ ಕಂಡುಹಿಡಿದಿದ್ದು."

"ಇದು ಹೂವಮ್ಮಾ. ಬಾಲದ ತುಂಬಾ ಹೂವೇ. ವಾಚಿನ ಸ್ಕ್ರೂಗಿಂತ ಚಿಕ್ಕದು."

ಭೂತಗನ್ನಡಿ ಇಸಿದುಕೊಂಡು ನೋಡಿದೆ. ಒಣಗಿದ್ದರೂ ಎಸಳು ಕಂಡಿತು, ತುಟಿ ಕಂಡಿತು, ಸುತ್ತು ಸುತ್ತಾಗಿ ಕೂತ ಪಂಕ್ತಿ ಕಂಡಿತು. ನನಗೆ ಬಂದ ಮೊದಲ ಯೋಚನೆ, ಎಷ್ಟಿವೆ? ಅಲ್ಲೇ ಒಂದು ಸೂಜಿ ತೆಗೆದುಕೊಂಡು ಒಂದೊಂದಾಗಿ ಕೀಳುತ್ತ ಎಣಿಸಿದೆ. ಇನ್ನೂರ ಎಂಬತ್ತೇಳು! ಎಣಿಸಿ ತಲೆಯೆತ್ತಿದರೆ ಮಾದರಿ ಒಂದು ನಶ್ಯವಾಗಿತ್ತು. ಸಾಬರು ಫ್ಯಾನ್ ಹಾಕಿದರು. ಅದೂ ಹೋಯಿತು.

ನಮ್ಮವರ ಪರಿಚಯದ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಶಿವಮೊಗ್ಗದಲ್ಲಿದ್ದರು. ಅವರಿಗೆ ಬರೆದೆ. ಎಂಟನೇ ದಿನ ಉತ್ತರ ಬಂತು. "ಅರಳಿದ ಹೂವನ್ನು ಗಿಡದಲ್ಲೇ ನೋಡಬೇಕು. ಆಗ ಹೆಸರು ಹೇಳಬಹುದು. ನವೆಂಬರ್ ೧೬ರ ಭಾನುವಾರ ವಿದ್ಯಾರ್ಥಿಗಳೊಂದಿಗೆ ಆಗುಂಬೆಗೆ ಹೋಗುವ ದಾರಿಯಲ್ಲಿ ಹನ್ನೊಂದು ಗಂಟೆಗೆ ಅರ್ಧ ತಾಸು ಬರುತ್ತೇನೆ."

ಒಂದು ವರ್ಷದಿಂದ ಖಾಲಿ ಬಿದ್ದ ಗೆರೆಗೆ ಹೆಸರು ಬರಲು ಸಿಕ್ಕಿದ್ದು ಅರ್ಧ ತಾಸು! ಅಕ್ಟೋಬರ್ ಕೊನೆಗೆ ಗಿಡವೂ ಮಾತು ಉಳಿಸಿಕೊಂಡಿತು. ಕಣ್ಣಿಗೆ ಬೀಳುವ ಹಾಗೆ ಮೂರು ಬಾಲ ಇಳಿದವು. ನಾಲ್ಕನೆಯ ಜಡೆ ಕೊಂಬೆಯ ಹಿಂದೆ ಮರೆಯಲ್ಲಿತ್ತು. ಅದರಲ್ಲೂ ಇದ್ದೇ ಇರುತ್ತದೆ ಎಂದು ನೋಡದೆಯೇ ಬರೆದುಕೊಂಡೆ. ನಾಲ್ಕು ಬಾಲ, ತಲಾ ಇನ್ನೂರ ಎಂಬತ್ತೇಳು. ಬೇಲಿಯಾಚೆಯ ಕಮಲಕ್ಕನಿಗೆ ಕೂಗಿ ಹೇಳಿದೆ.

"ಕಮಲಕ್ಕಾ, ನಮ್ಮ ಸೀತಾಳೆ ಜಾತಿದು ಸಾವಿರದ ನೂರ ನಲವತ್ತೆಂಟು ಹೂ ಬಿಟ್ಟಿದೆ!"

"ಹೌದನೇ! ಒಂದೇ ಗಿಡದಲ್ಲಾ? ನೋಡಕ್ಕೆ ಬತ್ತೀವಿ ತಡಿ."

ಯಾವ ಭಾಗ ಹೂವು ಎಂದು ಮಾತ್ರ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ಹೇಳಿದರೆ ಕಳೆದ ವರ್ಷದ ಕತ್ತರಿಯ ವಿಷಯ ಹೊರಬೀಳುತ್ತಿತ್ತು. ಹನ್ನೊಂದು ಗಂಟೆಗೆ ಮೇಷ್ಟ್ರ ಬಾಯಿಂದಲೇ ಎಲ್ಲರಿಗೂ ತಿಳಿಯಲಿ ಎಂಬುದು ನನ್ನ ಯೋಜನೆ.

ಆ ಭಾನುವಾರ ೧೦-೧೦ಕ್ಕೆ ಭೂತಗನ್ನಡಿ ತರಲು ಸಾಬರ ಮನೆಗೆ ಹೋದೆ. ಟೀ ಕುಡಿಯದೆ ಬಿಡಲಿಲ್ಲ. ಮನೆಗೆ ಬಂದಾಗ ೧೦-೫೮. ಹಿತ್ತಲಿನಲ್ಲಿ ಹನ್ನೊಂದು ಹೆಂಗಸರು ಕೈ ಗಲ್ಲಕ್ಕಿಟ್ಟು ನಿಂತಿದ್ದರು.

"ಎಂಥಾ ಚಂದ ಇದ್ಯೇ ಸುಜಾತಾ! ಬಣ್ಣ ನೋಡೇ! ನಂಗೂ ನೆಡಕ್ಕೊಂದು ಹಿಳ್ಳು ಕೊಡ್ಲೇಬೇಕು ಮತ್ತೆ" ಎಂದರು ಕಮಲಕ್ಕ.

ಬಣ್ಣವೇ?

ನೋಡಿದೆ. ನನ್ನ ಗಿಡದ ಮೂರು ಜಡೆಗಳ ತುಂಬ, ಬುಡದಿಂದ ತುದಿಯವರೆಗೆ, ಕಿತ್ತಳೆ ಬಣ್ಣದ ಅಬ್ಬಲಿಗೆ, ಅದೇ ಕನಕಾಂಬರ, ಅರಳಿ ನಿಂತಿತ್ತು!

ಬಾಯಿ ತೆರೆಯುವಷ್ಟರಲ್ಲಿ ಹೊರಗೆ ವ್ಯಾನ್ ನಿಂತಿತು. ಹದಿನಾಲ್ಕು ವಿದ್ಯಾರ್ಥಿಗಳ ಹಿಂದೆ ಮೇಷ್ಟ್ರು ಬಂದರು. ಕನ್ನಡಕ ಹಾಕಿ ನೋಡಿದರು, ತೆಗೆದು ಒರೆಸಿ ಮತ್ತೆ ಹಾಕಿದರು.

"ಎಲೆ ನೋಡಿದರೆ ಆರ್ಕಿಡ್ಡೇ" ಎಂದರು ಗಂಭೀರವಾಗಿ. "ಆದರೆ ಹೂವನ್ನು ಬಾಳೆನಾರಿನಿಂದ ಕಟ್ಟಿಕೊಂಡು ಬಿಡುವ ಆರ್ಕಿಡ್ಡನ್ನು ನಾನು ಇದೇ ಮೊದಲು ನೋಡುತ್ತಿರುವುದು."

ಹದಿನಾಲ್ಕು ಮಂದಿಯೂ ನಕ್ಕರು. ನಮ್ಮವರು ಸೇರಿ ಹದಿನೈದು.

ಅತ್ತೆಯನ್ನು ಅಡುಗೆಮನೆಗೆ ಎಳೆದೊಯ್ದೆ. "ಅತ್ತೆ, ಏನು ಮಾಡಿದ್ರಿ?"

"ಮತ್ತೆಂತ ಮಾಡ್ಲೇ? ಹನ್ನೊಂದು ಜನ ಬಂದು ಸಾವ್ರ ಹೂ ಎಲ್ಲಿ ಎಲ್ಲಿ ಅಂತ ಕೇಳ್ತಾರೆ, ಗಿಡದಲ್ಲಿ ಒಂದೂ ಇಲ್ಲ. ಮನೆ ಸೊಸೆ ಮರ್ಯಾದೆ ಹೋಗ್ತದಲ್ಲ! ಅವ್ರನ್ನ ಒಳಗೆ ಕಾಫಿಗೆ ಕೂರ್ಸಿ, ದೇವ್ರಿಗೆ ಕಟ್ಟಿಟ್ಟಿದ್ದ ಎರಡು ಮೊಳ ಅಬ್ಬಲಿಗೆ ಸುತ್ತಿದೆ."

"ಅಲ್ಲಿದ್ದ ಬಾಲ?"

"ಅದಾ? ಕತ್ರಿಸಿ ಬಚ್ಚಲ ಒಲೆಗೆ ಹಾಕಿದೆ. ಹೋದ ವರ್ಷ ನೀನೇ ಕತ್ರಿಸಿದ್ಯಲ್ಲೇ, ನಾ ನೋಡಿರ್ಲಿಲ್ಲನಾ?"

ಸಿಟ್ಟು ಮಾಡುವ ಹಾಗೂ ಇರಲಿಲ್ಲ. ತಾರೀಖು, ಗಂಟೆ ಸಮೇತ ನನ್ನ ಕೈಬರಹದಲ್ಲೇ ಇದೆಯಲ್ಲ! ನಾನು ಕಲಿಸಿದ ಆರೈಕೆಯನ್ನು ಅವರು ಚಾಚೂ ತಪ್ಪದೆ ಮಾಡಿದ್ದರು. ಬಾಲವೇ ಹೂವು ಎಂದು ಹೇಳಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲಿಗೆ ನಡೆದು, ಎಲ್ಲರ ಎದುರು ತಾವೇ ಅಬ್ಬಲಿಗೆ ಬಿಚ್ಚಿದರು. ಹನ್ನೊಂದು ಹೆಂಗಸರ ಮುಖವೂ ಒಟ್ಟಿಗೆ ಸಪ್ಪಗಾಯಿತು.

ಆಗ ಮೇಷ್ಟ್ರು ಕೊಂಬೆಯನ್ನು ಹಿಂದಕ್ಕೆ ತಿರುಗಿಸಿದರು. ನಾನು ನೋಡದೆ ಲೆಕ್ಕ ಹಾಕಿದ್ದ ನಾಲ್ಕನೆಯ ಜಡೆಯಲ್ಲಿ ಒಂದು ಅಂಗುಲದ ಎಳೆ ಬಾಲವಿತ್ತು. ಬಹುಪಾಲು ಮೊಗ್ಗು. ಭೂತಗನ್ನಡಿ ಹಿಡಿದು ಅವರು ಎಣಿಸಿದರು. ಅರಳಿದ್ದು ಮೂರು.

"ಒಬೆರೋನಿಯಾ" ಎಂದರು. "ಇದು ಕುಲದ ಹೆಸರು. ನಮ್ಮ ಘಟ್ಟದಲ್ಲಿ ಇದರ ಬಳಗ ದೊಡ್ಡದು. ಇಂಥದ್ದೇ ಎಂದು ಹೇಳಲು ಪೂರ್ತಿ ಬಲಿತ ಹೂವಿನ ತುಟಿ ನೋಡಬೇಕು. ಇವು ಈಗಷ್ಟೇ ಬಿರಿದಿವೆ." ವ್ಯಾನಿನ ಡ್ರೈವರು ಹಾರ್ನ್ ಹೊಡೆದರು.

"ಮನೆತನ ಸಿಕ್ತು, ಹೆಸರು ಸಿಗಲಿಲ್ಲ. ಇರ್ಲಿ ಬಿಡೇ, ಅರ್ಧ ಗೆರೆ ತುಂಬಿತಲ್ಲ" ಎಂದರು ನಮ್ಮವರು.

ಆದರೆ ಆ ಮೂರು ಹೂಗಳಿಗೆ ಆ ದಿನ ಸಿಕ್ಕ ಗೌರವ ಹೇಳಲೇಬೇಕು. ಭೂತಗನ್ನಡಿ ಒಂದೇ, ಆದ್ದರಿಂದ ಸಾಲು ನಿಂತಿತು. ಹೆಂಗಸರು ಹನ್ನೊಂದು, ವಿದ್ಯಾರ್ಥಿಗಳು ಹದಿನಾಲ್ಕು, ಮೇಷ್ಟ್ರು, ಹಾರ್ನ್ ಬಿಟ್ಟು ಒಳಬಂದ ಡ್ರೈವರು, ನಮ್ಮವರು, ಅತ್ತೆ, ನಾನು. ಒಟ್ಟು ಮೂವತ್ತು. ಹೂವೊಂದಕ್ಕೆ ಹತ್ತು ಜನ! ಯಾವ ಗುಲಾಬಿಗೆ ಈ ಸರಾಸರಿ ಇದೆ, ಹೇಳಿ.

"ಅಯ್ಯೋ, ಇಷ್ಟು ಸಣ್ಣದಕ್ಕೂ ಕತ್ರಿಸಿದಂಗೆ ಅಂಚು ಮಾಡಿ ಇಟ್ಟಿದಾನಲ್ಲೇ ದೇವ್ರು!" ಎಂದರು ಕಮಲಕ್ಕ. ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವರು ಅತ್ತೆ. ನಾಲ್ಕು ನಿಮಿಷ. ಕೊನೆಗೆ ಭೂತಗನ್ನಡಿ ನನ್ನ ಕೈಗಿಟ್ಟು, "ಇಂಥದ್ದನ್ನ ನಾವಿಬ್ರೂ ಸೇರಿ ನಾಲ್ಕು ಬಾಲ ಹಾಳು ಮಾಡಿದ್ವಲ್ಲೇ" ಎಂದರು. ಲೆಕ್ಕ ಸರಿಯಾಗಿತ್ತು. ನನ್ನದು ಒಂದು, ಅವರದ್ದು ಮೂರು. ನಾನು ತಿದ್ದಲಿಲ್ಲ.

ಹೋಗುವಾಗ ಒಂಬತ್ತು ಮಂದಿ ಹಿಳ್ಳು ಕೇಳಿದರು. "ಆದ್ರೆ ಆ ಕೇಸರಿ ಬಣ್ಣ ಬಿಡೋದೇ ಇರ್ಲಿ ಸುಜಾತಾ" ಎಂದವರು ಏಳು.

ಇಂದು ೧೯೮೧ರ ಅಕ್ಟೋಬರ್ ೨೫, ಬೆಳಿಗ್ಗೆ ೭-೪೦. ಜಡೆ ಆರು, ಬಾಲ ಐದು. ಈ ಸಲ ಹಿಂದೆಯೂ ನೋಡಿ ಎಣಿಸಿದ್ದೇನೆ. ಕತ್ತರಿ ಬೀರುವಿನೊಳಗಿದೆ, ಬೀಗದ ಕೈ ಅತ್ತೆಯ ಸೊಂಟದಲ್ಲಿದೆ. ಮೇಷ್ಟ್ರಿಗೆ ವರ್ಗವಾಗಿ, ಬರೆದ ಎರಡು ಕಾಗದವೂ ತಿರುಗಿ ಬಂದಿವೆ. ಆದ್ದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಓದುಗರಲ್ಲಿ ಒಂದು ಬಿನ್ನಹ. ಹಲಸಿನ ಕೊಂಬೆಯಲ್ಲಿ ತಲೆಕೆಳಗಾಗಿ ಜೋತಾಡುವ, ಜಡೆಯಂಥ ಎಲೆಯ, ಇಲಿಬಾಲದಂಥ ಹೂಗೊಂಚಲಿನ ಈ ಗಿಡದ ಪೂರ್ತಿ ಹೆಸರು ಬಲ್ಲವರು, ಅದಕ್ಕೆ ನಮ್ಮ ಕಡೆ ಇರುವ ಊರ ಹೆಸರು ಕೇಳಿದವರು, ಸಂಪಾದಕರ ಮುಖಾಂತರ ನನಗೆ ದಯವಿಟ್ಟು ಬರೆಯಿರಿ. ಗುರುತಿಗೆಂದು ಒಂದು ಹೂ ಕಿತ್ತು ಲಕೋಟೆಯಲ್ಲಿ ಕಳಿಸಿ ಎಂದು ಮಾತ್ರ ಕೇಳಬೇಡಿ. ಎಣಿಸದೆ ಕಳಿಸುವುದು ನನ್ನಿಂದ ಆಗುವುದಿಲ್ಲ, ಎಣಿಸಿದರೆ ಕಳಿಸಲು ಏನೂ ಉಳಿಯುವುದಿಲ್ಲ.